ತಿಪ್ಪೆಯ ಚರಿತ್ರೆ: ಇಂದೂರಿನಿಂದ ಬೆಂಗಳೂರಿಗೆ, ಅಲ್ಲಿಂದ ಹಿತ್ತಿಲಿಗೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೀಪಾವಳಿಯ ಸಂಜೆ ಹೊಸ್ತಿಲಿಗೆ, ದನದ ಕೊಟ್ಟಿಗೆಗೆ ಹಣತೆ ಇಟ್ಟ ಮೇಲೂ ಒಂದು ಹಣತೆ ಉಳಿಯುತ್ತಿತ್ತು. ಅದು ತಿಪ್ಪೆಗೆ ಮೀಸಲು. ವರ್ಷವಿಡೀ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಮನೆಯ ಕಸ ಸುರಿದ ಆ ಗುಡ್ಡೆಯ ಮೇಲೆ ಹೂವಿಟ್ಟು ದೀಪ ಹಚ್ಚುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ತಿಪ್ಪ ಎಂದೋ ತಿಪ್ಪಮ್ಮ ಎಂದೋ ಹೆಸರಿಡುವ ರೂಢಿಯೂ ಇತ್ತು. 'ತಿಪ್ಪೆ ಹೋಗಿ ಉಪ್ಪರಿಗೆಯಾಯಿತು, ಉಪ್ಪರಿಗೆ ಹೋಗಿ ತಿಪ್ಪೆಯಾಯಿತು' ಎಂಬ ಗಾದೆಯೂ ಕಾಲಚಕ್ರದ ಮಾತು ಹೇಳಲು ತಿಪ್ಪೆಯನ್ನೇ ಆರಿಸಿಕೊಂಡಿದೆ.

ಇಂದು ನಗರದ ಮನೆಗಳಲ್ಲಿ ತಿಪ್ಪೆ ಎಂಬುದು ಬೈಗುಳದ ಮಾತು. ಆದರೆ ಅದೇ ಮನೆಗಳ ತಾರಸಿಯಲ್ಲಿ, ಹಿತ್ತಿಲಿನಲ್ಲಿ ಕಾಂಪೋಸ್ಟ್ ಡಬ್ಬಿಗಳು ಬಂದು ಕುಳಿತಿವೆ. ಸಾವಯವ ಕೈತೋಟ ಎಂಬುದು ಪಶ್ಚಿಮದಿಂದ ಬಂದ ಹೊಸ ಹವ್ಯಾಸವೆಂದು ಹಲವರು ತಿಳಿದಿದ್ದಾರೆ. ಚರಿತ್ರೆ ಬೇರೆ ಕತೆ ಹೇಳುತ್ತದೆ. ಕೃಷಿ ವಿಜ್ಞಾನದ ಪುಸ್ತಕಗಳಲ್ಲಿ ಗೊಬ್ಬರ ಮಾಡುವ ಎರಡು ಪ್ರಸಿದ್ಧ ವಿಧಾನಗಳಿಗೆ ಭಾರತದ ಎರಡು ಊರುಗಳ ಹೆಸರಿದೆ. ಒಂದು ಇಂದೂರು ವಿಧಾನ, ಇನ್ನೊಂದು ಬೆಂಗಳೂರು ವಿಧಾನ. ನೆಲದಿಂದ ಪಡೆದದ್ದನ್ನು ನೆಲಕ್ಕೆ ಹಿಂತಿರುಗಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಎರಡೂ ಉತ್ತರ ಕೊಟ್ಟವು. ಹಿಂತಿರುಗಿಸುವ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

ಸೊಪ್ಪು, ಸಗಣಿ, ಬೆರಣಿ

ಗಿಡಮರಗಳ ಆರೈಕೆ ಕನ್ನಡ ಬರಹಕ್ಕೆ ಹೊಸ ವಿಷಯವಲ್ಲ. ಕ್ರಿ.ಶ. 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆ, ಅಂತರ್ಜಲ ಶೋಧನೆ, ಸುಗಂಧ ದ್ರವ್ಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ಮನುಷ್ಯನಿಗೆ ವೈದ್ಯವಿರುವಂತೆ ಮರಕ್ಕೂ ಪೋಷಣೆ ಮತ್ತು ಚಿಕಿತ್ಸೆ ಇದೆ ಎಂಬುದು ಅಲ್ಲಿನ ನಿಲುವು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಇವನಲ್ಲ.)

ಪುಸ್ತಕದ ಹಂಗಿಲ್ಲದೆ ಬೆಳೆದ ವ್ಯವಸ್ಥೆಗಳೂ ಇದ್ದವು. ಮಲೆನಾಡಿನ ಅಡಿಕೆ ತೋಟ ಅದಕ್ಕೆ ಒಳ್ಳೆಯ ಉದಾಹರಣೆ. ಜೋರು ಮಳೆಗೆ ಮಣ್ಣಿನ ಸಾರ ಕೊಚ್ಚಿಹೋಗುವ ಕಣಿವೆಯಲ್ಲಿ ಒಂದೇ ನೆಲದಲ್ಲಿ ತಲೆಮಾರುಗಳ ಕಾಲ ತೋಟ ಉಳಿಯಬೇಕಾದರೆ ಹೊರಗಿನಿಂದ ಸಾರ ಬರಬೇಕು. ಅದು ಬಂದದ್ದು ಪಕ್ಕದ ಸೊಪ್ಪಿನ ಬೆಟ್ಟದಿಂದ. ಬೆಟ್ಟದಿಂದ ಹಸಿರು ಸೊಪ್ಪು, ತರಗೆಲೆ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಸಗಣಿ ಗಂಜಲದಲ್ಲಿ ತುಳಿಸಿ, ಗುಂಡಿಗೆ ಹಾಕಿ ಕೊಳೆಸಿ, ಆಮೇಲೆ ಮರದ ಬುಡಕ್ಕೆ ಕೊಡುವುದು ಪದ್ಧತಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯವನ್ನು ಬ್ರಿಟಿಷ್ ಸರ್ಕಾರವೂ ಒಪ್ಪಿಕೊಂಡಿತ್ತು. ಒಂದು ಎಕರೆ ಹಸಿರಾಗಿರಲು ಅದರ ಹಲವು ಪಟ್ಟು ಕಾಡು ದುಡಿಯಬೇಕು ಎಂಬ ಲೆಕ್ಕ ಅಲ್ಲಿ ಕಾಣುತ್ತದೆ.

ಬಯಲುಸೀಮೆಗೆ ಅಂಥ ಬೆಟ್ಟವಿರಲಿಲ್ಲ. ಅಲ್ಲಿನ ಕೊರತೆಯನ್ನು ಸರಿಯಾಗಿ ಗುರುತಿಸಿದವರಲ್ಲಿ ಒಬ್ಬರು ಜಾನ್ ಅಗಸ್ಟಸ್ ವೋಲ್ಕರ್. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನ ತಜ್ಞರಾಗಿದ್ದ ಅವರು 1889ರ ಕೊನೆಗೆ ಭಾರತಕ್ಕೆ ಬಂದು, ಒಂದು ವರ್ಷಕ್ಕೂ ಹೆಚ್ಚು ಕಾಲ ತಿರುಗಾಡಿ, 1893ರಲ್ಲಿ ವರದಿ ಪ್ರಕಟಿಸಿದರು. ಭಾರತದ ರೈತನಿಗೆ ಬೇಸಾಯ ಕಲಿಸಲು ಬಂದವರು ಅವನ ಜಾಣ್ಮೆಯನ್ನು ಹೊಗಳಿ ಬರೆದರು. ಗೊಬ್ಬರ ಕಡಿಮೆಯಾಗಲು ರೈತನ ಅಜ್ಞಾನ ಕಾರಣವಲ್ಲ, ಸೌದೆಯಿಲ್ಲದ್ದರಿಂದ ಸಗಣಿ ಬೆರಣಿಯಾಗಿ ಒಲೆ ಸೇರುತ್ತಿದೆ ಎಂಬುದು ಅವರ ಮುಖ್ಯ ಮಾತು. ಊರೂರಿಗೆ ಸೌದೆ ಮತ್ತು ಮೇವಿನ ಕಾಡು ಬೆಳೆಸಿದರೆ ಸಗಣಿ ಹೊಲಕ್ಕೆ ಮರಳುತ್ತದೆ ಎಂದು ಅವರು ಸಲಹೆ ಮಾಡಿದರು.

ಆ ಹೊತ್ತಿಗೆ ಯೂರೋಪಿನಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಜರ್ಮನಿಯ ಯುಸ್ಟುಸ್ ಲೀಬಿಗ್ 1840ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ ಗಿಡಕ್ಕೆ ಬೇಕಾದದ್ದು ಖನಿಜ ಲವಣಗಳು ಎಂಬ ವಿಚಾರ ಬೇರೂರಿತ್ತು. 1909ರಲ್ಲಿ ಫ್ರಿಟ್ಜ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿ ತೋರಿಸಿದರು. 1913ರಲ್ಲಿ ಜರ್ಮನಿಯ ಓಪ್ಪೌ ಎಂಬಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಗೊಬ್ಬರವೆಂದರೆ ಚೀಲದಲ್ಲಿ ಬರುವ ಪುಡಿ ಎಂಬ ಯುಗ ಅಲ್ಲಿಂದ ಶುರುವಾಯಿತು.

ರೈತರನ್ನು ಗುರುವೆಂದ ವಿಜ್ಞಾನಿ

ಈ ಕಾಲದಲ್ಲೇ, 1905ರಲ್ಲಿ, ಆಲ್ಬರ್ಟ್ ಹೊವಾರ್ಡ್ ಬಿಹಾರದ ಪೂಸಾದಲ್ಲಿ ಆಗಷ್ಟೇ ಆರಂಭವಾಗಿದ್ದ ಕೃಷಿ ಸಂಶೋಧನಾ ಸಂಸ್ಥೆಗೆ ಸಸ್ಯವಿಜ್ಞಾನಿಯಾಗಿ ಬಂದರು. ಇಂಗ್ಲೆಂಡಿನ ಶ್ರಾಪ್‌ಶೈರಿನ ರೈತ ಕುಟುಂಬದಲ್ಲಿ 1873ರಲ್ಲಿ ಹುಟ್ಟಿದವರು ಅವರು. ಅದೇ ವರ್ಷ ಅವರನ್ನು ಮದುವೆಯಾಗಿ ಬಂದ ಗೇಬ್ರಿಯಲ್ ಸ್ವತಃ ಸಸ್ಯಶರೀರ ವಿಜ್ಞಾನಿ. ಗಂಡಹೆಂಡಿರಿಬ್ಬರೂ ಸೇರಿ ರೂಪಿಸಿದ ಪೂಸಾ ಗೋಧಿ ತಳಿಗಳು ಹೆಸರುವಾಸಿಯಾದವು.

ಒಳ್ಳೆಯ ತಳಿಯನ್ನು ಬಡ ಮಣ್ಣಿನಲ್ಲಿ ಬಿತ್ತಿ ಪ್ರಯೋಜನವೇನು ಎಂಬ ಪ್ರಶ್ನೆ ಹೊವಾರ್ಡರನ್ನು ಬಿಡಲಿಲ್ಲ. ಪೂಸಾದ ಸುತ್ತಲಿನ ಹಳ್ಳಿಗಳ ಬೆಳೆ ರಾಸಾಯನಿಕ ಔಷಧಿಯಿಲ್ಲದೆಯೂ ಆರೋಗ್ಯವಾಗಿರುವುದನ್ನು ಅವರು ಗಮನಿಸಿದರು. ಆ ರೈತರನ್ನೂ, ಬೆಳೆಗೆ ಬೀಳುವ ಕೀಟಗಳನ್ನೂ ತಮ್ಮ ಪ್ರಾಧ್ಯಾಪಕರೆಂದು ಕರೆದುಕೊಂಡರು. ಕೀಟ ಬಂದಿದೆ ಎಂದರೆ ಮಣ್ಣಿನಲ್ಲೋ ಬೇಸಾಯದಲ್ಲೋ ಏನೋ ತಪ್ಪಿದೆ ಎಂದು ಓದಿಕೊಳ್ಳಬೇಕು ಎಂಬುದು ಅವರ ವಾದ. ಚೀನಾ, ಕೊರಿಯಾ, ಜಪಾನಿನ ರೈತರು ಊರಿನ ಎಲ್ಲ ತ್ಯಾಜ್ಯವನ್ನೂ ಹೊಲಕ್ಕೆ ಮರಳಿಸಿ ಶತಮಾನಗಳಿಂದ ಮಣ್ಣು ಉಳಿಸಿಕೊಂಡಿರುವ ಬಗೆಯನ್ನು ವಿವರಿಸಿದ ಅಮೆರಿಕದ ಎಫ್.ಎಚ್. ಕಿಂಗ್ ಅವರ ಪುಸ್ತಕ 1911ರಲ್ಲಿ ಬಂದಿತ್ತು. ಅದು ಹೊವಾರ್ಡರ ಮೇಲೆ ಬಹಳ ಪ್ರಭಾವ ಬೀರಿತು.

ಪೂಸಾದಲ್ಲಿ ಸಸ್ಯಕ್ಕೊಬ್ಬರು, ಕೀಟಕ್ಕೊಬ್ಬರು, ರಸಾಯನಕ್ಕೊಬ್ಬರು ಎಂದು ಇಲಾಖೆಗಳು ಗೋಡೆ ಕಟ್ಟಿಕೊಂಡಿದ್ದವು. ಬೆಳೆಯನ್ನು ಇಡಿಯಾಗಿ ನೋಡಬೇಕೆಂಬ ಹೊವಾರ್ಡರು ಹೊಸ ಜಾಗ ಹುಡುಕಿದರು. ಹತ್ತಿ ಸಮಿತಿಯ ಮತ್ತು ಮಧ್ಯಭಾರತದ ಸಂಸ್ಥಾನಗಳ ನೆರವಿನಿಂದ 1924ರಲ್ಲಿ ಇಂದೂರಿನಲ್ಲಿ ಸುಮಾರು 300 ಎಕರೆ ಜಮೀನಿನಲ್ಲಿ ಹೊಸ ಸಂಸ್ಥೆ ತಲೆಯೆತ್ತಿತು. ಅಲ್ಲಿ ರೂಪುಗೊಂಡದ್ದೇ ಇಂದೂರು ವಿಧಾನ. ಯಶವಂತ ವಾಡ್ ಎಂಬ ಭಾರತೀಯ ರಸಾಯನ ವಿಜ್ಞಾನಿ ಈ ಕೆಲಸದಲ್ಲಿ ಜೊತೆಗಿದ್ದರು. ವಿಧಾನವನ್ನು ಜಗತ್ತಿಗೆ ತಿಳಿಸಿದ 1931ರ ಪುಸ್ತಕದ ಮುಖಪುಟದಲ್ಲಿ ಹೊವಾರ್ಡ್ ಮತ್ತು ವಾಡ್ ಇಬ್ಬರ ಹೆಸರೂ ಇದೆ. ನಂತರದ ಜನಪ್ರಿಯ ಬರಹಗಳು ಮೊದಲ ಹೆಸರನ್ನಷ್ಟೇ ಉಳಿಸಿಕೊಂಡವು. ಗೇಬ್ರಿಯಲ್ 1930ರಲ್ಲಿ ತೀರಿಕೊಂಡಿದ್ದರು.

ಹೆಪ್ಪು ಹಾಕುವ ವಿದ್ಯೆ

ಇಂದೂರು ವಿಧಾನದ ಗುಟ್ಟು ಮೊಸರಿಗೆ ಹೆಪ್ಪು ಹಾಕುವ ಗುಟ್ಟಿನಂಥದು. ಸಗಣಿಯೇ ಇಲ್ಲಿ ಹೆಪ್ಪು. ಅದರಲ್ಲಿ ಸಾರಜನಕವೂ ಇದೆ, ಕೊಳೆಸುವ ಸೂಕ್ಷ್ಮಜೀವಿಗಳೂ ಇವೆ. ಒಣ ಹುಲ್ಲು, ಎಲೆ, ಕಡ್ಡಿಗಳಲ್ಲಿ ಇಂಗಾಲ ಹೇರಳವಾಗಿರುತ್ತದೆ, ಸಾರಜನಕ ಕಡಿಮೆ. ಸೂಕ್ಷ್ಮಜೀವಿಗಳಿಗೆ ಇಂಗಾಲ ಊಟವಾದರೆ ಸಾರಜನಕ ಮೈ ಬೆಳೆಸಿಕೊಳ್ಳಲು ಬೇಕಾದ ಸಾಮಗ್ರಿ. ಸುಮಾರು 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿದ್ದರೆ ಅವು ಚುರುಕಾಗಿ ಕೆಲಸ ಮಾಡುತ್ತವೆ. ಹಾಗಾಗಿ ಹಿಡಿ ಸಗಣಿಯಿಂದ ಬುಟ್ಟಿಗಟ್ಟಲೆ ಕಸವನ್ನು ಗೊಬ್ಬರ ಮಾಡಬಹುದು. ಸಗಣಿಯ ಒಂದು ಪಾಲು ಒಲೆಗೆ ಹೋದರೂ ಉಳಿದದ್ದು ಸಾಕು. ವೋಲ್ಕರ್ ಕಂಡ ಸಮಸ್ಯೆಗೆ ಇದು ಒಂದು ಉತ್ತರ.

ಇಂದೂರಿನಲ್ಲಿ ಸುಮಾರು 30 ಅಡಿ ಉದ್ದ, 14 ಅಡಿ ಅಗಲ, ಎರಡು ಮೂರು ಅಡಿ ಆಳದ ಗುಂಡಿಗಳನ್ನು ತೋಡಿದರು. ಗಟ್ಟಿಯಾದ ಹತ್ತಿ ಕಡ್ಡಿಗಳನ್ನು ದಾರಿಯಲ್ಲಿ ಹರಡಿ ಗಾಡಿಯ ಚಕ್ರಗಳಡಿ ಪುಡಿಯಾಗಲು ಬಿಟ್ಟರು. ಗುಂಡಿಯಲ್ಲಿ ಕಸ, ಸಗಣಿ, ಕೊಟ್ಟಿಗೆಯ ಗಂಜಲ ಹೀರಿದ ಮಣ್ಣು, ಬೂದಿ ಇವನ್ನು ಪದರ ಪದರವಾಗಿ ಹಾಕಿ ನೀರು ಚಿಮುಕಿಸಿದರು. ಒಳಗೆ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕಳೆಯ ಬೀಜ, ರೋಗಾಣುಗಳು ಆ ಬಿಸಿಗೆ ಸಾಯುತ್ತಿದ್ದವು. ಗಾಳಿಯಾಡಲೆಂದು ಮೂರು ಸಲ ಮಗುಚಿ ಹಾಕುತ್ತಿದ್ದರು. ಮೂರು ತಿಂಗಳಲ್ಲಿ ಕಪ್ಪಗೆ, ಉದುರುದುರಾಗಿ, ಮೊದಲ ಮಳೆಯ ವಾಸನೆಯ ಗೊಬ್ಬರ ಸಿದ್ಧವಾಗುತ್ತಿತ್ತು. ಕೀನ್ಯಾದ ಕಾಫಿ ತೋಟಗಳಿಗೆ, ಭಾರತ ಮತ್ತು ಸಿಲೋನಿನ ಚಹಾ ತೋಟಗಳಿಗೆ ಈ ವಿಧಾನ ಹರಡಿತು. 1935ರಲ್ಲಿ ಗಾಂಧೀಜಿಯ 'ಹರಿಜನ' ಪತ್ರಿಕೆಯೂ ಇದನ್ನು ಓದುಗರಿಗೆ ಪರಿಚಯಿಸಿತು.

ಬೆಂಗಳೂರಿನ ಕಂದಕ

ಹಳ್ಳಿಗೆ ಒಗ್ಗಿದ ಇಂದೂರು ವಿಧಾನ ಪೇಟೆಗೆ ಒಗ್ಗಲಿಲ್ಲ. ಒಳಚರಂಡಿ ಇಲ್ಲದ ಅಂದಿನ ಪಟ್ಟಣಗಳಲ್ಲಿ ಬೀದಿ ಕಸದ ಜೊತೆ ಪ್ರತಿದಿನ ಮನುಷ್ಯರ ಮಲವೂ ಗಾಡಿಗಟ್ಟಲೆ ಸೇರುತ್ತಿತ್ತು. ಅದರಲ್ಲಿ ಗೊಬ್ಬರದ ಸತ್ವವಿತ್ತು, ಕಾಲರಾದಂಥ ರೋಗದ ಭಯವೂ ಇತ್ತು. ಅಂಥ ರಾಶಿಯನ್ನು ಮೂರು ಸಲ ಮಗುಚುವುದು ಯಾರಿಗೂ ಆಗದ ಮಾತು. ನೊಣಗಳ ಕಾಟ ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಕೊಳಚೆ ನೀರಿನ ಶುದ್ಧೀಕರಣದಲ್ಲಿ ಹೆಸರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದಿದ್ದರು. ತ್ಯಾಜ್ಯದಲ್ಲಿರುವ ಸಾರಜನಕವನ್ನು ಪೋಲಾಗದಂತೆ ಉಳಿಸುವುದು ಅವರ ಜೀವಮಾನದ ಆಸಕ್ತಿ. ಮುಂದೆ ಅದೇ ಜೀವರಸಾಯನ ವಿಭಾಗದಲ್ಲಿ ಸಿ.ಎನ್. ಆಚಾರ್ಯ ಈ ಕೆಲಸ ಕೈಗೆತ್ತಿಕೊಂಡರು. ಬತ್ತದ ಹುಲ್ಲು ಗಾಳಿಯಿಲ್ಲದೆ ಹೇಗೆ ಕೊಳೆಯುತ್ತದೆ ಎಂಬ ಬಗ್ಗೆ ಅವರು 1935ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಗಾಳಿಯಿಲ್ಲದೆ ಕೊಳೆಯುವುದು ನಿಧಾನ, ಆದರೆ ಮಗುಚುವ ಕೆಲಸವಿಲ್ಲ. ಪೇಟೆಗೆ ಬೇಕಾಗಿದ್ದದ್ದು ಅದೇ.

1939ರಲ್ಲಿ ರೂಪುಗೊಂಡ ಬೆಂಗಳೂರು ವಿಧಾನ ನೋಡಲು ಸರಳ. ಊರ ಹೊರಗೆ ಸುಮಾರು ಮೂರು ಅಡಿ ಆಳದ ಕಂದಕ. ತಳಕ್ಕೆ ಅರ್ಧ ಅಡಿ ಕಸ, ಮೇಲೆ ಎರಡು ಅಂಗುಲ ಮಲ, ಮತ್ತೆ ಕಸ, ಮತ್ತೆ ಮಲ. ತುಂಬಿದ ಮೇಲೆ ಕಸದಿಂದ ಮುಚ್ಚಿ, ಮಣ್ಣು ಮೆತ್ತಿಬಿಡುವುದು. ಮೊದಲ ಎಂಟು ಹತ್ತು ದಿನ ಒಳಗಿನ ಗಾಳಿಯಿಂದ ರಾಶಿ ಕಾಯುತ್ತದೆ. ಗಾಳಿ ಮುಗಿದ ಮೇಲೆ ನಿಧಾನದ ಕೊಳೆತ ಶುರುವಾಗಿ ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಮಗುಚಬೇಕಿಲ್ಲ, ಮತ್ತೆ ನೀರು ಹಾಕಬೇಕಿಲ್ಲ, ನೊಣ ಕೂರುವುದಿಲ್ಲ. ಮಳೆ ಕಡಿಮೆಯಿರುವ ಊರುಗಳಿಗೆ ಇದು ಹೇಳಿ ಮಾಡಿಸಿದಂತಿತ್ತು.

ಯುದ್ಧಕಾಲದ ಆಹಾರ ಕೊರತೆಯಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಚಳವಳಿ ಹುಟ್ಟಿದಾಗ ಪುರಸಭೆಗಳ ಕಸಕ್ಕೆ ಬೆಲೆ ಬಂತು. ಬೆಂಗಳೂರು ವಿಧಾನ ದೇಶದ ಅನೇಕ ಪಟ್ಟಣಗಳಿಗೆ ತಲುಪಿತು. ಅದೇ ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ 1930ರ ದಶಕದ ಕೊನೆಯ ವರ್ಷಗಳಲ್ಲಿ ರಾಸಾಯನಿಕ ಗೊಬ್ಬರದ ಕಾರ್ಖಾನೆಯೂ ಆರಂಭವಾಗಿತ್ತು. ಗೊಬ್ಬರದ ಎರಡು ದಾರಿಗಳೂ ಒಂದೇ ಸಂಸ್ಥಾನದಲ್ಲಿ, ಒಂದೇ ಕಾಲದಲ್ಲಿ ತೆರೆದುಕೊಂಡವು. 1947ರ ಡಿಸೆಂಬರಿನಲ್ಲಿ, ಸ್ವಾತಂತ್ರ್ಯ ಬಂದ ನಾಲ್ಕೇ ತಿಂಗಳಿಗೆ, ಮೀರಾಬೆನ್ ಅವರ ಮುತುವರ್ಜಿಯಿಂದ ದೆಹಲಿಯಲ್ಲಿ ಅಖಿಲ ಭಾರತ ಕಾಂಪೋಸ್ಟ್ ಸಮ್ಮೇಳನ ನಡೆಯಿತು.

ಹೊತ್ತವರು ಯಾರು?

ವಿಧಾನದ ವಿವರಣೆಯಲ್ಲಿ ಕಾಣದ ಒಂದು ಸಂಗತಿ ಇದೆ. ಕಂದಕಕ್ಕೆ ಬೀಳುವ ಮಲ ತಾನಾಗಿ ನಡೆದು ಬರುತ್ತಿರಲಿಲ್ಲ. ಮನೆಮನೆಯ ಹಿತ್ತಿಲಿನಿಂದ ಅದನ್ನು ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ತಂದವರು ಹುಟ್ಟಿದ ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ಕಟ್ಟುಬಿದ್ದ ಜನ. ವಿಜ್ಞಾನ ಮಗುಚುವ ಕಷ್ಟವನ್ನು ತಪ್ಪಿಸಿತು, ಹೊರುವ ಕಷ್ಟವನ್ನು ತಪ್ಪಿಸಲಿಲ್ಲ. ಭೂಮಿಗೆ ಸತ್ವ ಮರಳಿಸುವುದು ಪುಣ್ಯದ ಕೆಲಸವೆಂದು ಹೊಗಳಿದ ಸಮಾಜವೇ ಅದನ್ನು ಮಾಡಿದವರನ್ನು ಊರ ಹೊರಗಿಟ್ಟಿತು.

ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಇವೆರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮನೆಗಳನ್ನು ತೆರವು ಮಾಡಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ನಾಡು ತಲೆತಗ್ಗಿಸಬೇಕಾಯಿತು. ಗೊಬ್ಬರದ ಚರಿತ್ರೆ ಬರೆಯುವಾಗ ಈ ಪುಟವನ್ನು ಹಾರಿಸುವಂತಿಲ್ಲ.

ಹೊಲದಿಂದ ಹಿತ್ತಿಲಿಗೆ

ಹೊವಾರ್ಡ್ 1931ರಲ್ಲಿ ಇಂಗ್ಲೆಂಡಿಗೆ ಮರಳಿದರು. 1940ರಲ್ಲಿ ಅವರ ಪ್ರಸಿದ್ಧ ಕೃತಿ 'ಆನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್' ಹೊರಬಂತು. ಅದನ್ನು ಮೆಚ್ಚಿದ ಅಮೆರಿಕದ ಜೆ.ಐ. ರೋಡೇಲ್ ಪೆನ್ಸಿಲ್ವೇನಿಯಾದಲ್ಲಿ ಜಮೀನು ಕೊಂಡು ಪ್ರಯೋಗ ನಡೆಸಿ, 1942ರಲ್ಲಿ ಸಾವಯವ ಕೃಷಿ ಮತ್ತು ಕೈತೋಟಕ್ಕೆಂದೇ ಪತ್ರಿಕೆ ಆರಂಭಿಸಿದರು. ಇಂದೂರಿನ ಗುಂಡಿ ಹೀಗೆ ಅಮೆರಿಕದ ಮನೆಗಳ ಹಿತ್ತಿಲು ತಲುಪಿತು; ಅಲ್ಲಿಂದ ದಶಕಗಳ ನಂತರ ಹೊಸ ಹೆಸರಿನಲ್ಲಿ ನಮ್ಮ ನಗರಗಳಿಗೆ ಮರಳಿತು.

ಇಂಗ್ಲಿಷಿನಲ್ಲಿ ಈ ಬೇಸಾಯಕ್ಕೆ 'ಆರ್ಗ್ಯಾನಿಕ್' ಎಂಬ ಹೆಸರು ಬಂದದ್ದು 1940ರಲ್ಲಿ ಪ್ರಕಟವಾದ ಲಾರ್ಡ್ ನಾರ್ತ್‌ಬೋರ್ನ್ ಅವರ ಪುಸ್ತಕದಿಂದ. ಜಮೀನು ಒಂದು ಜೀವಿಯಂತೆ, ಅಂಗಾಂಗಗಳು ಕೂಡಿ ಬಾಳುವ ಇಡಿಯಾದ ವಸ್ತು ಎಂಬುದು ಅವರ ಅರ್ಥ. ಕನ್ನಡದ 'ಸಾವಯವ' ಎಂಬ ಮಾತು ಅದನ್ನೇ ಹೇಳುತ್ತದೆ, ಅವಯವಗಳೊಡನೆ ಕೂಡಿದ್ದು. ವಿಷ ಹಾಕದಿರುವುದು ಅದರ ಒಂದು ಭಾಗ ಮಾತ್ರ.

ಚೀಲದ ಗೊಬ್ಬರವನ್ನು ಬರೀ ಖಳನಾಯಕನಂತೆ ಚಿತ್ರಿಸುವುದೂ ಸರಿಯಲ್ಲ. ದೇಶದಲ್ಲಿ 1950-51ರಲ್ಲಿ ಸುಮಾರು 70 ಸಾವಿರ ಟನ್ ಇದ್ದ ರಾಸಾಯನಿಕ ಪೋಷಕಾಂಶಗಳ ಬಳಕೆ 2020-21ರಲ್ಲಿ 3 ಕೋಟಿ ಟನ್ ದಾಟಿತು. ಹಸಿವನ್ನು ಹಿಂದಿಕ್ಕಿದ್ದರಲ್ಲಿ ಅದರ ಪಾಲು ದೊಡ್ಡದು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿ, ಬೆಳೆ ಕುಸಿದು, ಕೆಲವೇ ತಿಂಗಳಲ್ಲಿ ತೀರ್ಮಾನ ಬದಲಿಸಬೇಕಾಯಿತು. ಆದರೆ ಯೂರಿಯ ಗಿಡಕ್ಕೆ ಸಾರಜನಕ ಕೊಡುತ್ತದೆ, ಮಣ್ಣಿಗೆ ಮೈ ಕೊಡುವುದಿಲ್ಲ. ನೀರು ಹಿಡಿದಿಡುವ, ಬೇರಿಗೆ ಗಾಳಿ ಬಿಡುವ, ಎರೆಹುಳುವಿಗೆ ಅನ್ನವಾಗುವ ಕಪ್ಪು ಅಂಶ ಕೊಳೆತ ಕಸದಿಂದಲೇ ಬರಬೇಕು. ಎರೆಹುಳು ಮಣ್ಣನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಡಾರ್ವಿನ್ 1881ರಲ್ಲೇ ಪುಸ್ತಕವಾಗಿ ಬರೆದಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರಾಧಾ ಡಿ. ಕಾಳೆ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಎರೆಗೊಬ್ಬರವನ್ನು ಇಲ್ಲಿನ ರೈತರಿಗೆ ಹತ್ತಿರ ತಂದವು. 2004ರಲ್ಲಿ ಕರ್ನಾಟಕ ತನ್ನದೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು.

ಬೆಂಗಳೂರಿನ ಕಸವನ್ನು ಗೊಬ್ಬರ ಮಾಡಲೆಂದು 1975ರಲ್ಲಿ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಸ್ಥಾಪನೆಯಾಗಿತ್ತು. ಆದರೆ ನಗರ ಬೆಳೆದ ವೇಗಕ್ಕೆ ಗೊಬ್ಬರದ ಗುಂಡಿಗಳು ಸಾಲಲಿಲ್ಲ. ಕಸದಲ್ಲಿ ಪ್ಲಾಸ್ಟಿಕ್, ಗಾಜು, ಬ್ಯಾಟರಿ ಬೆರೆತ ಮೇಲೆ ಅದು ಗೊಬ್ಬರವಾಗುವ ಯೋಗ್ಯತೆಯನ್ನೂ ಕಳೆದುಕೊಂಡಿತು. ಮಂಡೂರಿನಲ್ಲಿ ನಗರದ ಕಸ ಬೆಟ್ಟವಾಗಿ ಬೆಳೆದು, ಹಳ್ಳಿಯವರು ದಾರಿಗೆ ಅಡ್ಡ ನಿಂತ ಮೇಲೆ 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಜಗತ್ತಿಗೆ ಕಸದ ಪಾಠ ಹೇಳಿಕೊಟ್ಟ ಊರು ತನ್ನ ಕಸಕ್ಕೆ ಜಾಗವಿಲ್ಲದೆ ಪರದಾಡಿತು. 2016ರ ರಾಷ್ಟ್ರೀಯ ನಿಯಮಗಳು ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೇಳಿದವು.

ಹಿತ್ತಿಲ ಗೊಬ್ಬರಕ್ಕೆ ಅರ್ಥ ಬರುವುದು ಇಲ್ಲಿ. ಒಂದು ತೂತು ಮಡಕೆ, ತರಕಾರಿ ಸಿಪ್ಪೆ, ಅದರ ಎರಡರಷ್ಟು ತರಗೆಲೆ, ಒಂದಿಷ್ಟು ಹಳೆಯ ಗೊಬ್ಬರವೋ ಸಗಣಿ ನೀರೋ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ನಾತ ಬಂದರೆ ಗಾಳಿ ಸಾಲದೆಂದು ತಿಳಿದು ತರಗೆಲೆ ಸೇರಿಸಿ ಕೆದಕುವುದು. ಒಣಗಿ ನಿಂತರೆ ನೀರು ಚಿಮುಕಿಸುವುದು. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಅದರಿಂದ ನಾಲ್ಕು ಟೊಮೆಟೊ, ಒಂದು ಕಟ್ಟು ದಂಟಿನ ಸೊಪ್ಪು ಬೆಳೆಯಬಹುದು. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಆ ಮನೆಯ ಕೊಳೆತ ಕಸದಲ್ಲಿ ಕೈಯಾಡಿಸುವ ಕಷ್ಟ ಪೌರಕಾರ್ಮಿಕರಿಗೆ ತಪ್ಪುತ್ತದೆ, ಊರ ಹೊರಗಿನ ಇನ್ನೊಂದು ಹಳ್ಳಿಗೆ ಆ ಕಸ ಹೋಗುವುದಿಲ್ಲ.

ಹಳ್ಳಿಯ ಮನೆ ತನ್ನ ತಿಪ್ಪೆಯನ್ನು ಕಣ್ಣೆದುರೇ ಇಟ್ಟುಕೊಂಡಿತ್ತು, ವರ್ಷಕ್ಕೊಮ್ಮೆ ಅದಕ್ಕೆ ದೀಪ ಹಚ್ಚುತ್ತಿತ್ತು. ಇಂದೂರು ಅದಕ್ಕೆ ವಿಜ್ಞಾನದ ಲೆಕ್ಕ ಕೊಟ್ಟಿತು, ಬೆಂಗಳೂರು ಪೇಟೆಗೆ ಹೊಂದಿಸಿತು. ತನ್ನ ಕಸವನ್ನು ಇನ್ನೊಬ್ಬರ ತಲೆಗೆ ಹೊರಿಸದೆ ತಾನೇ ಮಣ್ಣಿಗೆ ಮರಳಿಸುವ ಮನೆ ಈ ಚರಿತ್ರೆಯಲ್ಲಿ ಬಾಕಿ ಉಳಿದಿದ್ದ ಕೆಲಸವನ್ನು ಮಾಡುತ್ತದೆ.